ಸೋಮವಾರದ ತಲೆಸುತ್ತು: ವಿಜಯಪುರದ ಎರಡು ದವಾಖಾನೆಗಳಲ್ಲಿ ಕಂಡದ್ದು

ನಮ್ಮ ವಿಜಯಪುರದ ಕಡೆ ವೈದ್ಯರೊಬ್ಬರನ್ನು ಹೊಗಳಬೇಕಾದರೆ ‘ಅವರ ಕೈಗುಣ ಚೊಲೊ ಅದ’ ಎನ್ನುವುದು ರೂಢಿ. ಅವರ ಓದು, ತಪಾಸಣೆಯ ರೀತಿ, ಬರೆದುಕೊಟ್ಟ ಗುಳಿಗೆ ಯಾವುದೂ ಆ ಮಾತಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೋದ ದಿನವೇ ಮೈ ಹಗುರಾಯಿತೇ ಎಂಬುದೊಂದೇ ಬರುತ್ತದೆ. ಕಳೆದ ಶ್ರಾವಣದವರೆಗೆ ನಾನೂ ಇದೇ ಲೆಕ್ಕದಲ್ಲಿ ಮನೆಯ ಹತ್ತಿರದ ದವಾಖಾನೆಯನ್ನು ಬೀದಿಯವರಿಗೆಲ್ಲ ಶಿಫಾರಸು ಮಾಡುತ್ತಿದ್ದೆ. ಅಲ್ಲಿ ನಮ್ಮ ಅವ್ವನಿಗೆ ಎರಡು ಸಲ ಸಲಾಯಿನ್ ಹಚ್ಚಿದರು, ಎರಡು ಸಲವೂ ಆಕೆ ತನ್ನ ಕಾಲ ಮೇಲೆ ನಡೆದು ಮನೆಗೆ ಬಂದಳು. ಆ ಬಾಟಲಿಯೇ ಆಕೆಯ ತೊಂದರೆಯ ಮೂಲವನ್ನು ಮುಚ್ಚಿಡುತ್ತಿತ್ತು ಎಂಬುದು ಗೊತ್ತಾದದ್ದು ಇನ್ನೊಂದು ದವಾಖಾನೆಯ ಮೆಟ್ಟಿಲು ಹತ್ತಿದ ಮೇಲೆ. ಎರಡರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಮೊದಲನೆಯವರ ಹೆಸರು ಬರೆದರೆ ಜಗಳಕ್ಕೆ ದಾರಿ. ಎರಡನೆಯವರಂತೂ ‘ಈಗ ಇರೋ ಪಾಳಿನ ಸಾಕಾಗ್ಯಾದ, ದಯಮಾಡಿ ಎಲ್ಲೂ ಬರೀಬ್ಯಾಡ್ರಿ’ ಎಂದು ಕೈ ಮುಗಿದರು.

ಮೊದಲನೆಯ ದವಾಖಾನೆ ನಮ್ಮ ಮನೆಯಿಂದ ಐದು ನಿಮಿಷದ ನಡಿಗೆ. ಸಂಜೆ ಆರಕ್ಕೆ ತೆರೆದರೆ ರಾತ್ರಿ ಹತ್ತರವರೆಗೂ ಹೊರಗಿನ ಕಟ್ಟೆಯ ಮೇಲೆ ಜನ ಕುಳಿತಿರುತ್ತಾರೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಎರಡು ಬೆಂಚು, ಬೆಂಚಿನ ಆಚೆ ಹಸಿರು ಪರದೆ, ಪರದೆಯ ಹಿಂದೆ ನಾಲ್ಕು ಮಂಚ. ಸ್ಟ್ಯಾಂಡು ಇರುವುದು ಎರಡೇ ಆದ್ದರಿಂದ ಉಳಿದ ಬಾಟಲಿಗಳನ್ನು ಕಿಟಕಿಯ ಸರಳಿಗೆ ತಂತಿಯ ಕೊಕ್ಕೆ ಸಿಕ್ಕಿಸಿ ತೂಗುಹಾಕುತ್ತಾರೆ. ವೈದ್ಯರು ನಗುಮುಖದವರು, ಕನ್ನಡ, ಉರ್ದು, ಮರಾಠಿ ಮೂರನ್ನೂ ಸಲೀಸಾಗಿ ಮಾತನಾಡುತ್ತಾರೆ, ಕೈಯಲ್ಲಿ ದುಡ್ಡಿಲ್ಲದವರಿಂದ ಫೀಸು ತೆಗೆದುಕೊಳ್ಳದೆ ಕಳಿಸಿದ್ದನ್ನೂ ನಾನು ಕಂಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರೂ ಅವರನ್ನು ದುಡ್ಡಿನ ಆಸೆಯವರೆಂದು ತಿಳಿಯಬಾರದು. ಅವರಲ್ಲಿ ಇಲ್ಲದ್ದು ಸಮಯ. ಒಂದು ಸಂಜೆ ಪಾಳಿಗೆ ಕುಳಿತವನು ಗಡಿಯಾರ ನೋಡುತ್ತಾ ಎಣಿಸಿದಾಗ ಇಪ್ಪತ್ತು ನಿಮಿಷದಲ್ಲಿ ಹನ್ನೆರಡು ಜನ ಒಳಗೆ ಹೋಗಿ ಹೊರಗೆ ಬಂದಿದ್ದರು.

ಅವ್ವನಿಗೆ 68 ವರ್ಷ. ಬಿಪಿ, ಶುಗರ್ ಎರಡೂ ಇವೆ. ಶುಗರಿಗೆಂದು ಗ್ಲಿಮೆಪಿರೈಡ್ 1 ಮಿಲಿಗ್ರಾಂ ಮತ್ತು ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಕೂಡಿದ ಒಂದು ಗುಳಿಗೆಯನ್ನು ಬೆಳಗ್ಗೆ ನುಂಗುತ್ತಿದ್ದಳು. ಶ್ರಾವಣದ ಮೊದಲ ಸೋಮವಾರ ಸಂಜೆ ಸಿದ್ಧೇಶ್ವರ ಗುಡಿಯಿಂದ ಬಂದವಳು ಒಳಗೆ ಬರದೆ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. ಹಣೆ, ಕತ್ತು ಎಲ್ಲಾ ಬೆವರು, ಕೈ ನಡುಗುತ್ತಿತ್ತು, ಕಣ್ಣಿಗೆ ಕತ್ತಲೆ ಬರುತ್ತಿದೆ ಎಂದಳು. ಹೆಚ್ಚುಕಡಿಮೆ ಎತ್ತಿಕೊಂಡೇ ದವಾಖಾನೆಗೆ ಹೋದೆವು. ಪಾಳಿ ಕೇಳದೆ ಒಳಗೆ ಬಿಟ್ಟರು, ಅದಕ್ಕೆ ಕೃತಜ್ಞತೆ ಇದೆ. ವೈದ್ಯರು ನಾಡಿ ಹಿಡಿದರು, ಬಿಪಿ ನೋಡಿದರು, ‘ವೀಕ್‌ನೆಸ್ ಅದ, ಒಂದ್ ಬಾಟ್ಲಿ ಹಚ್ಚೋಣು’ ಎಂದು ಮುಂದಿನ ರೋಗಿಯ ಕಡೆ ತಿರುಗಿದರು. ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಅವ್ವನ ಮುಖಕ್ಕೆ ಕಳೆ ಬಂತು. ಪೂರ್ತಿ ಮುಗಿಯುವ ಹೊತ್ತಿಗೆ, ಮನೆಯಲ್ಲಿ ರೊಟ್ಟಿ ಬಡಿದಿದ್ದೀರೋ ಇಲ್ಲವೋ ಎಂದು ವಿಚಾರಿಸುತ್ತಿದ್ದಳು. ಆಗ ಕಂಪೌಂಡರಿಗೆ ಶುಗರ್ ನೋಡಿಲ್ಲವೆಂಬುದು ನೆನಪಾಯಿತು. ಬೆರಳಿಗೆ ಚುಚ್ಚಿ ನೋಡಿದರೆ 214. ‘ಶುಗರ್ ಏರ್ಯಾದ, ಅದಕ್ಕ ಹಿಂಗಾಗ್ಯಾದ’ ಎಂದ ವೈದ್ಯರು ಗ್ಲಿಮೆಪಿರೈಡನ್ನು 2 ಮಿಲಿಗ್ರಾಮಿಗೆ ಏರಿಸಿ ಚೀಟಿ ಬರೆದರು. ಫೀಸು 150, ಸಲಾಯಿನ್ನಿಗೆ 500, ಒಟ್ಟು 650 ರೂಪಾಯಿ. ಕೈಗುಣ ಎಂದರೆ ಹೀಗಿರಬೇಕು ಎಂದು ಮನೆಯವರೆಲ್ಲ ಮಾತನಾಡಿಕೊಂಡೆವು.

ಎರಡನೆಯ ಸೋಮವಾರ ಅದೇ ಹೊತ್ತಿಗೆ ಅದೇ ಬೆವರು, ಅದೇ ನಡುಕ, ಈ ಸಲ ಮಾತೂ ತೊದಲುತ್ತಿತ್ತು. ಮತ್ತೆ ಬಾಟಲಿ, ಮತ್ತೆ ಆರಾಮ. ಎರಡನೆಯ ಸಲವೂ ಹೀಗಾಗಿದೆ ಎಂದರೆ ರಕ್ತ ತಪಾಸಣೆ ಮಾಡಿಸಲೇಬೇಕು ಎಂದು ಪಕ್ಕದ ಲ್ಯಾಬಿಗೆ ಕಳಿಸಿದರು. ಟೈಫಾಯಿಡ್ ಪತ್ತೆಗೆ ಮಾಡುವ ವಿಡಾಲ್ ಪರೀಕ್ಷೆಯಲ್ಲಿ 1:160 ಬಂತು, ಅದನ್ನು ನೋಡಿ ಟೈಫಾಯಿಡ್ ಎಂದರು, ಐದು ದಿನ ಬೆಳಗ್ಗೆ ಸಂಜೆ ಸೂಜಿ ಮಾಡಿದರು. ಅವ್ವನಿಗೆ ಒಂದು ದಿನವೂ ಜ್ವರ ಬಂದಿರಲಿಲ್ಲ. ಜ್ವರವಿಲ್ಲದ ಟೈಫಾಯಿಡ್ ಹೇಗೆ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು ಎಂದು ಈಗ ಬರೆಯುವುದು ಸುಲಭ. ಪರದೆಯ ಆಚೆ ಇಪ್ಪತ್ತು ಜನ ಕಾಯುತ್ತಿರುವಾಗ ವೈದ್ಯರನ್ನು ಇನ್ನೊಂದು ನಿಮಿಷ ಹಿಡಿದು ನಿಲ್ಲಿಸುವ ಧೈರ್ಯ ನಮ್ಮಂಥವರಿಗೆ ಬರುವುದಿಲ್ಲ.

ಆ ಎರಡನೆಯ ಸಂಜೆ ಬಾಟಲಿ ಇಳಿಯುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ ಅದರ ಮೇಲಿನ ಚೀಟಿಯನ್ನು ಓದಿದ್ದೆ. ಡೆಕ್ಸ್‌ಟ್ರೋಸ್ 5%, ಸೋಡಿಯಂ ಕ್ಲೋರೈಡ್ 0.9%, 500 ಮಿಲಿಲೀಟರ್. ಲೆಕ್ಕ ಹಾಕಿದರೆ 25 ಗ್ರಾಂ ಸಕ್ಕರೆ, ನಾಲ್ಕೂವರೆ ಗ್ರಾಂ ಉಪ್ಪು, ಉಳಿದದ್ದು ನೀರು. ವಯಸ್ಕರು ಇಡೀ ದಿನಕ್ಕೆ ತಿನ್ನುವ ಉಪ್ಪು 5 ಗ್ರಾಮಿನೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಲ್ಲಿ ಬಿಪಿಗೆಂದು ಅವ್ವನ ತಾಟಿನಿಂದ ಉಪ್ಪಿನಕಾಯಿ ಎತ್ತಿಡುವ ನಾವೇ, ಹೆಚ್ಚುಕಡಿಮೆ ಒಂದು ದಿನದ ಉಪ್ಪನ್ನು ಒಂದು ಗಂಟೆಯಲ್ಲಿ ಆಕೆಯ ನರಕ್ಕೆ ಇಳಿಸಿ, ಅದಕ್ಕೆ 500 ರೂಪಾಯಿ ಕೊಟ್ಟು ಬರುತ್ತಿದ್ದೆವು. ಶುಗರ್ ಇರುವವಳಿಗೆ ಸಕ್ಕರೆ ನೀರು ಏಕೆ ಎಂಬ ಪ್ರಶ್ನೆಯೂ ಆಗಲೇ ತಲೆಯಲ್ಲಿ ಮೂಡಿತ್ತು. ಆದರೆ ಆರಾಮವಾಗುತ್ತಿದೆಯಲ್ಲ ಎಂಬ ಒಂದೇ ಸಮಾಧಾನ ಅದನ್ನು ಅಲ್ಲಿಗೇ ಅದುಮಿಬಿಟ್ಟಿತು.

ಮೂರನೆಯ ಸೋಮವಾರ ಮೊದಲನೆಯ ದವಾಖಾನೆ ಮುಚ್ಚಿತ್ತು; ವೈದ್ಯರು ಊರಲ್ಲಿರಲಿಲ್ಲ. ಪಕ್ಕದ ಮನೆಯ ಕಾಕು ತಾವೇ ಆಟೊ ಕರೆದು, ಗಾಂಧಿ ಚೌಕದ ಹತ್ತಿರದ ಓಣಿಯಲ್ಲಿ ಬಟ್ಟೆ ಅಂಗಡಿಯ ಮೇಲಿರುವ ಹಳೆಯ ದವಾಖಾನೆಗೆ ನಮ್ಮನ್ನು ಕರೆದುಕೊಂಡು ಹೋದರು. ಇಪ್ಪತ್ತೆರಡು ಮೆಟ್ಟಿಲು, ಹಿಡಿದುಕೊಳ್ಳಲು ಒಂದೇ ಕಡೆ ಕಂಬಿ. ಅವ್ವನನ್ನು ಇಬ್ಬರು ಹಿಡಿದು ಹತ್ತಿಸಿದೆವು. ಮೇಲೆ ಮೂವತ್ತಕ್ಕೆ ಕಡಿಮೆಯಿಲ್ಲದಷ್ಟು ಜನ ಕುಳಿತಿದ್ದರು. ಪಾಳಿಯ ಬಿಲ್ಲೆ ಕೊಡುವ ಹೆಣ್ಣುಮಗಳು ಅವ್ವನ ಬೆವರಿದ ಮುಖ ನೋಡಿದವಳೇ ಬಿಲ್ಲೆಯನ್ನು ಪಕ್ಕಕ್ಕಿಟ್ಟು, ‘ಶುಗರ್ ಅದ ಏನ್ರಿ ಅವ್ವಾರಿಗೆ?’ ಎಂದು ಒಂದೇ ಮಾತು ಕೇಳಿದಳು. ಹೌದು ಎನ್ನುವಷ್ಟರಲ್ಲಿ ಮೇಜಿನ ಖಾನೆಯಿಂದ ಯಂತ್ರ ತೆಗೆದು ಬೆರಳಿಗೆ ಚುಚ್ಚಿಯೇ ಬಿಟ್ಟಿದ್ದಳು. 52 ಎಂದು ತೋರಿಸಿತು; ಶುಗರ್ ಏರಿರಲಿಲ್ಲ, ತೀರಾ ಇಳಿದಿತ್ತು. ಆಕೆ ಒಳಗೆ ಕೂಗಿ ಹೇಳಿದ ಕೂಡಲೇ ವೈದ್ಯರು ಕುರ್ಚಿಯಿಂದ ಎದ್ದು ತಾವೇ ಹೊರಗೆ ಬಂದರು. ಎಪ್ಪತ್ತರ ಆಸುಪಾಸಿನವರು, ಬಿಳಿಯ ಅರ್ಧ ತೋಳಿನ ಅಂಗಿ, ಕುತ್ತಿಗೆಯಲ್ಲಿ ಸ್ಟೆತಸ್ಕೋಪು ಕೂಡ ಇರಲಿಲ್ಲ.

ಸಲಾಯಿನ್ ಹಚ್ಚುತ್ತೀರಾ ಎಂದು ನಾನು ಕೇಳಿದ್ದು ನಿಜ. ‘ಮಾತಾಡ್ಲಿಕ್ಹತ್ಯಾರ, ನುಂಗ್ಲಿಕ್ಕೆ ಬರ್ತದ, ಬಾಟ್ಲಿ ಯಾಕ ಬೇಕು? ಕೆಳಗ ಚಹಾದಂಗಡಿಯಿಂದ ಸಕ್ಕರಿ ತರ್ರಿ’ ಎಂದರು. ಅರ್ಧ ಲೋಟ ನೀರಿನಲ್ಲಿ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದರು. ಹದಿನೈದು ನಿಮಿಷದ ಮೇಲೆ ಮತ್ತೆ ಚುಚ್ಚಿದಾಗ 96. ಅಷ್ಟು ಹೊತ್ತೂ ಅವರು ಅವ್ವನ ಎದುರಿಗೆ ಬೆಂಚಿನ ಮೇಲೆಯೇ ಕುಳಿತಿದ್ದರು, ಉಳಿದ ರೋಗಿಗಳು ಸುಮ್ಮನೆ ನೋಡುತ್ತಿದ್ದರು.

‘ಯವ್ವಾ, ಇವತ್ತ ಏನ್ ಊಟ ಮಾಡೀರಿ?’

‘ಇನ್ನೂ ಮಾಡಿಲ್ರಿ. ಸೋಮವಾರ ಅದ, ಗುಡಿಗಿ ಹೋಗಿ ಬಂದ ಮ್ಯಾಲೆ ಒಪ್ಪತ್ತ.’

‘ಗುಳಿಗಿ?’

‘ಅದನ್ನ ಮಾತ್ರ ತಪ್ಪಸಂಗಿಲ್ರಿ ನಾ. ಮುಂಜಾನೆ ಎದ್ದ ಕೂಡ್ಲೆ ತಗೊಂಡೀನಿ.’

ಅವ್ವ ಇದನ್ನು ಹೇಳಿದ್ದು ಹೆಮ್ಮೆಯಿಂದ. ವೈದ್ಯರು ನನ್ನ ಕಡೆ ತಿರುಗಿ, ಹಿಂದೆ ಯಾವ ಯಾವ ದಿನ ಹೀಗಾಗಿತ್ತು ಎಂದರು. ನಾನು ತಾರೀಖು ನೆನಪಿಸಿಕೊಳ್ಳತೊಡಗಿದರೆ, ‘ತಾರೀಖು ಬ್ಯಾಡ, ವಾರ ಹೇಳ್ರಿ’ ಎಂದರು. ಸೋಮವಾರ, ಸೋಮವಾರ, ಇವತ್ತೂ ಸೋಮವಾರ. ಶ್ರಾವಣದ ಒಪ್ಪತ್ತು ನಮ್ಮ ಮನೆಯಲ್ಲಿ ಒಂದು ಸುದ್ದಿಯೇ ಅಲ್ಲ, ಅದನ್ನು ವೈದ್ಯರಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಕೇಳುವವರೂ ಇರಲಿಲ್ಲ. ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಅನ್ನವಿರಲಿ ಬಿಡಲಿ ಇನ್ಸುಲಿನ್ ಒಸರಿಸುತ್ತಲೇ ಇರುತ್ತದೆ, ಬೆಳಗ್ಗೆ ಅದನ್ನು ನುಂಗಿ ಸಂಜೆಯವರೆಗೆ ಉಪವಾಸ ಕುಳಿತರೆ ರಕ್ತದಲ್ಲಿನ ಸಕ್ಕರೆ ಕುಸಿಯದೆ ಇನ್ನೇನಾಗುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಮೊದಲ ಸಲ ಕಂಡ 214 ಕೂಡ ಕಾಯಿಲೆಯ ಅಂಕಿಯಾಗಿರಲಿಲ್ಲ. 25 ಗ್ರಾಂ ಸಕ್ಕರೆ ನರದೊಳಗೆ ಇಳಿದ ಮೇಲೆ ಅಳೆದದ್ದು ಅದು. ಅದನ್ನು ನಂಬಿ ಗುಳಿಗೆಯನ್ನು ದುಪ್ಪಟ್ಟು ಮಾಡಿದ್ದಕ್ಕೇ ಎರಡನೆಯ ಸೋಮವಾರ ಮಾತು ತೊದಲಿತು. ವಿಡಾಲ್ ಕಾಗದವನ್ನು ನೋಡಿ ಅವರು ನಕ್ಕರು. ನಮ್ಮ ಕಡೆ ಟೈಫಾಯಿಡ್ ಹಿಂದೊಮ್ಮೆ ಬಂದುಹೋದವರಲ್ಲಿಯೂ ಈ ಪರೀಕ್ಷೆ ಪಾಸಿಟಿವ್ ತೋರಿಸಬಹುದು, ಜ್ವರವೇ ಇಲ್ಲದಿದ್ದರೆ ಅದನ್ನು ಮಾಡಿಸಬೇಕಾದದ್ದೇ ಇಲ್ಲ, ಅನುಮಾನವಿದ್ದರೆ ಸೂಜಿ ಮಾಡುವ ಮೊದಲು ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಬೇಕು ಎಂದರು.

ಆ ಸಂಜೆ ಅಲ್ಲಿಗೇ ಬಿಡಲಿಲ್ಲ. ಆ ಗುಳಿಗೆಯ ಪ್ರಭಾವ ಇಡೀ ದಿನ ಇರುತ್ತದೆ, ಸಕ್ಕರೆ ನೀರು ಸ್ವಲ್ಪ ಹೊತ್ತಿಗೆ ಮಾತ್ರ, ಆದ್ದರಿಂದ ಮನೆಗೆ ಹೋದ ಕೂಡಲೇ ಹೊಟ್ಟೆ ತುಂಬ ಉಣ್ಣಿಸಿ, ರಾತ್ರಿ ಮಲಗುವ ಮುಂಚೆ ಮತ್ತೆ ಶುಗರ್ ನೋಡಿ ಎಂದು ಹೇಳಿದರು. ಬರೆದ ಪರೀಕ್ಷೆಗಳು ಎರಡೇ: ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮತ್ತು ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್. ಎಚ್‌ಬಿಎ1ಸಿ 6.4 ಬಂತು. ಈ ವಯಸ್ಸಿಗೆ ಶುಗರನ್ನು ಇಷ್ಟು ಬಿಗಿಯಾಗಿ ಇಳಿಸಿಡಬೇಕಾಗಿಲ್ಲವೆಂದು ಗ್ಲಿಮೆಪಿರೈಡನ್ನು ಪೂರ್ತಿ ನಿಲ್ಲಿಸಿ, ಮೆಟ್‌ಫಾರ್ಮಿನ್ ಒಂದನ್ನೇ ಉಳಿಸಿದರು. ಅದನ್ನು ಯಾವುದೇ ಅಂಗಡಿಯಲ್ಲಾಗಲಿ, ಜನೌಷಧಿ ಕೇಂದ್ರದಲ್ಲಾಗಲಿ ತೆಗೆದುಕೊಳ್ಳಿ ಎಂದರು. ಮೊದಲನೆಯ ದವಾಖಾನೆಯ ಚೀಟಿಯಲ್ಲಿದ್ದ ಗುಳಿಗೆಗಳು ಅವರ ಪಕ್ಕದ ಅಂಗಡಿ ಬಿಟ್ಟರೆ ಸ್ಟೇಷನ್ ರಸ್ತೆಯಲ್ಲೂ ಸಿಕ್ಕಿರಲಿಲ್ಲ.

ಅವರ ಚೀಟಿಯ ವಿಷಯವನ್ನು ಬೇರೆಯೇ ಹೇಳಬೇಕು. ಎಡಗಡೆ ಅವ್ವ ಹೇಳಿದ ತೊಂದರೆಗಳು, ಅಳೆದ ಎರಡು ಅಂಕಿಗಳು ಮತ್ತು ಅಳೆದ ಗಂಟೆ. ಬಲಗಡೆ ಔಷಧದ ಮೂಲ ಹೆಸರು ಬಿಡಿ ಅಕ್ಷರಗಳಲ್ಲಿ, ಅದರ ಕೆಳಗೆ ಕನ್ನಡದಲ್ಲಿ ‘ಊಟದ ಜೊತೆ ಮಾತ್ರ. ಊಟ ಇಲ್ಲದಿದ್ದರೆ ಗುಳಿಗೆ ಇಲ್ಲ’. ಕೊನೆಯಲ್ಲಿ ನಿಲ್ಲಿಸಿದ ಗುಳಿಗೆಯ ಹೆಸರು ಬರೆದು ಅದರ ಮೇಲೆ ಅಡ್ಡಗೆರೆ. ನಿಲ್ಲಿಸಿದ್ದನ್ನೂ ಬರೆದುಕೊಟ್ಟ ವೈದ್ಯರನ್ನು ನಾನು ಇವರನ್ನು ಬಿಟ್ಟು ನೋಡಿಲ್ಲ. ಮುಂದಿನ ಸಲ ಬೇರೆ ಯಾವ ದವಾಖಾನೆಗೆ ಹೋದರೂ ಆ ಒಂದು ಹಾಳೆ ತೋರಿಸಿದರೆ ಸಾಕು.

ಇಷ್ಟೆಲ್ಲ ಹೊಗಳಿದ ಮೇಲೆ ಈ ದವಾಖಾನೆಯ ತೊಂದರೆಗಳನ್ನೂ ಹೇಳದಿದ್ದರೆ ನಂಬಿ ಹೋದವರು ನನ್ನನ್ನೇ ಬೈಯುತ್ತಾರೆ. ಮಾಮೂಲಿ ದಿನ ಪಾಳಿ ಬರಲು ಎರಡೂವರೆ ತಾಸು ಹಿಡಿಯುತ್ತದೆ. ಫೋನಿನಲ್ಲಿ ನಂಬರು ಹಚ್ಚುವುದಿಲ್ಲ. ಮೊಣಕಾಲು ನೋವಿನವರಿಗೆ ಆ ಮೆಟ್ಟಿಲುಗಳೇ ಒಂದು ಶಿಕ್ಷೆ, ಮೇಲೆ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ, 200 ರೂಪಾಯಿ ಫೀಸಿಗೆ ಕೇಳದ ಹೊರತು ರಸೀದಿ ಕೊಡುವುದಿಲ್ಲ. ವೈದ್ಯರ ನಾಲಿಗೆಯೂ ಸ್ವಲ್ಪ ಚುರುಕು. ತಂಬಾಕು ತಿನ್ನುವ ಒಬ್ಬರನ್ನು ಎಲ್ಲರ ಎದುರೇ ಬೈದದ್ದು ನನಗೆ ಸರಿ ಕಾಣಲಿಲ್ಲ. ಇನ್ನೊಂದು ದಿನ ತಿಕೋಟಾ ಕಡೆಯ ರೈತರೊಬ್ಬರು, ‘ದ್ರಾಕ್ಷಿ ಪಡದಾಗ ಕೆಲಸ ಅದ ಸಾಹೇಬ್ರ, ಒಂದ್ ಬಾಟ್ಲಿ ಹಚ್ಚಿಬಿಡ್ರಿ’ ಎಂದು ಅಂಗಲಾಚಿದಾಗ, ಒಂದು ಲೀಟರ್ ನೀರಿನಲ್ಲಿ ಕಲಸಿ ಕುಡಿಯುವ ಓಆರ್‌ಎಸ್ ಪೊಟ್ಟಣ ಎರಡು ಕೊಟ್ಟು ಕಳಿಸಿದರು. ಆ ರೈತರು ಮೆಟ್ಟಿಲು ಇಳಿಯುತ್ತಾ, ಬಾಟಲಿ ಹಚ್ಚದವರು ಎಂಥ ಡಾಕ್ಟರು ಎಂದು ಗೊಣಗಿದ್ದು ನನಗೆ ಕೇಳಿಸಿತು. ಅವರು ನೇರವಾಗಿ ಮೊದಲನೆಯಂಥ ಇನ್ನೊಂದು ದವಾಖಾನೆಗೇ ಹೋಗಿರುತ್ತಾರೆ. ಪರದೆಯ ಹಿಂದಿನ ಆ ನಾಲ್ಕು ಮಂಚಗಳನ್ನು ವೈದ್ಯರೊಬ್ಬರೇ ಹಾಕಿಸಿದ್ದಲ್ಲ, ಕೇಳಿ ಕೇಳಿ ಹಾಕಿಸಿದ್ದರಲ್ಲಿ ನಮ್ಮದೂ ಪಾಲಿದೆ.

ಆಮೇಲೆ ನಾನು ಮೊದಲನೆಯ ದವಾಖಾನೆಗೆ ಹೋಗಿ ಅವ್ವನ ಎರಡು ಭೇಟಿಗಳ ಕಾಗದಪತ್ರ ಕೇಳಿದೆ. ಚೀಟಿ ಬಿಟ್ಟರೆ ಬೇರೇನೂ ಇರಲಿಲ್ಲ, ಚೀಟಿಯಲ್ಲಿ ಸಲಾಯಿನ್ನಿನ ಉಲ್ಲೇಖವೂ ಇರಲಿಲ್ಲ. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟುಕೊಂಡಿರಬೇಕು, ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ನೀತಿ ನಿಯಮಾವಳಿ ಹೇಳುತ್ತದೆ. ಆದರೆ ಒಂದು ಗಂಟೆ ಮಂಚದ ಮೇಲೆ ಮಲಗಿಸಿ ಬಾಟಲಿ ಹಚ್ಚಿ ಕಳಿಸಿದವರು ಒಳರೋಗಿಯೋ ಹೊರರೋಗಿಯೋ? ಆ ಸಂದಿನಲ್ಲಿಯೇ ಇಂಥ ದವಾಖಾನೆಗಳ ವ್ಯವಹಾರವೆಲ್ಲ ನಡೆದುಹೋಗುತ್ತದೆ. ನೋಂದಣಿ ಪ್ರಮಾಣಪತ್ರ ಗೋಡೆಯ ಮೇಲಿತ್ತು. ಯಾವುದಕ್ಕೆ ಎಷ್ಟು ದುಡ್ಡು ಎಂಬ ದರಪಟ್ಟಿ ಇರಲಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು, ಅದಕ್ಕೆ 2017ರಲ್ಲಿ ತಿದ್ದುಪಡಿ ತಂದಾಗ ವೈದ್ಯರು ಮುಷ್ಕರ ಹೂಡಿದ್ದು ಎಲ್ಲರಿಗೂ ನೆನಪಿದೆ. ದರಪಟ್ಟಿ ತೂಗುಹಾಕುವುದು ಅದರಲ್ಲಿ ಕಡ್ಡಾಯ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಸುಪ್ರೀಂ ಕೋರ್ಟ್ 1995ರಲ್ಲೇ ವೈದ್ಯಕೀಯ ಸೇವೆಯನ್ನು ಗ್ರಾಹಕರ ಕಾಯ್ದೆಯ ವ್ಯಾಪ್ತಿಗೆ ಸೇರಿಸಿರುವುದರಿಂದ ಗ್ರಾಹಕರ ಆಯೋಗದ ಬಾಗಿಲೂ ಇದೆ. ನಾನು ಎರಡನ್ನೂ ಮಾಡಲಿಲ್ಲ. ವೈದ್ಯರನ್ನೇ ಕಂಡು ನಡೆದದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಪ್ಪತ್ತು ಅಂತ ನೀವು ಹೇಳಲೇ ಇಲ್ಲಲ್ರಿ’ ಎಂದರು. ಅದು ಸುಳ್ಳಲ್ಲ. ಆದರೆ ಬಾಟಲಿ ಹಚ್ಚುವ ಮುಂಚೆ ಒಂದು ಹನಿ ರಕ್ತ ನೋಡಿದ್ದರೆ ನಾವು ಹೇಳುವ ಅಗತ್ಯವೂ ಇರುತ್ತಿರಲಿಲ್ಲ ಎಂದು ನಾನು ಅಂದೆ. ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಅಲ್ಲಿನ ಪದ್ಧತಿ ಬದಲಾಗಿದೆಯೋ ಇಲ್ಲವೋ ನೋಡಲು ಮತ್ತೆ ಹೋಗಿಲ್ಲ.

ಲ್ಯಾಬುಗಳ ಬಗ್ಗೆ ಒಂದು ಮಾತು. ಮಳೆಗಾಲದ ಜ್ವರಕ್ಕೆ ಲ್ಯಾಬಿಗೆ ಹೋಗುವವರು ರಕ್ತ ಕೊಡುವ ಮೊದಲೇ ದರ ಕೇಳುವುದು ಒಳ್ಳೆಯದು.

ಇಷ್ಟು ಸಣ್ಣ ವಿಷಯಕ್ಕೆ ಖಾಸಗಿ ದವಾಖಾನೆಯೇ ಬೇಕಾಗಿತ್ತೇ ಎಂದು ನಾನು ಆಮೇಲೆ ಯೋಚಿಸಿದ್ದುಂಟು. 2022ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ಶುರುವಾದ ‘ನಮ್ಮ ಕ್ಲಿನಿಕ್’ಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ, ನನ್ನದೇ ನೆಗಡಿ ಕೆಮ್ಮಿಗೆ ಹೋದಾಗ ಗದ್ದಲವಿರಲಿಲ್ಲ, ಅಲ್ಲಿನ ವೈದ್ಯೆ ಐದಾರು ನಿಮಿಷ ಮಾತನಾಡಿಸಿಯೇ ಗುಳಿಗೆ ಕೊಟ್ಟರು. ಆದರೆ ಸಂಜೆ ತಲೆ ತಿರುಗಿದವರಿಗೆ ಅದರಿಂದ ಉಪಯೋಗವಿಲ್ಲ, ಅಷ್ಟೊತ್ತಿಗೆ ಬಾಗಿಲು ಹಾಕಿರುತ್ತದೆ. ಊರಿನಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿದ್ದೂ ನಮ್ಮ ಜನ ಇಂದಿಗೂ ನೂರು ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ, ಇಲ್ಲವೇ 1894ರಷ್ಟು ಹಿಂದೆಯೇ ಮಿಷನರಿ ವೈದ್ಯ ವ್ಯಾನ್‌ಲೆಸ್ ಅವರು ಮಿಷನ್ ಆಸ್ಪತ್ರೆ ಕಟ್ಟಿದ ಮೀರಜಿಗೆ ಹೋಗುತ್ತಾರೆ. ನಮ್ಮ ಅಜ್ಜನ ಕಾಲದಲ್ಲಿ ಅದಕ್ಕೆ ಕಾರಣವಿತ್ತು. ಅವ್ವನನ್ನೂ ಸೊಲ್ಲಾಪುರಕ್ಕೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸೋಣವೆಂದು ಅಣ್ಣ ಕಾರು ಗೊತ್ತುಮಾಡಿಯಾಗಿತ್ತು. ಮೂರನೆಯ ಸೋಮವಾರದ ಮರುದಿನವೇ ಹೊರಡುವುದಿತ್ತು.

ಗಾಂಧಿ ಚೌಕದ ದವಾಖಾನೆಗೆ ಹೋಗುವವರು ಬೆಳಗಿನ ಪಾಳಿಯನ್ನೇ ನೋಡಿಕೊಳ್ಳಿ, ಹತ್ತೂವರೆಯೊಳಗೆ ಹೋದರೆ ಒಂದು ತಾಸಿನಲ್ಲಿ ಕೆಲಸ ಮುಗಿಯುತ್ತದೆ. ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ, ಗುಳಿಗೆಯ ಖಾಲಿ ಪಟ್ಟಿಗಳನ್ನೂ ಒಯ್ಯಿರಿ; ಅವರು ಎರಡನ್ನೂ ಮೇಜಿನ ಮೇಲೆ ಹರಡಿಕೊಂಡು ನೋಡುತ್ತಾರೆ. ಚಿಲ್ಲರೆ ಇರಲಿ, ಫೋನಿನಲ್ಲಿ ದುಡ್ಡು ಹಾಕುವ ವ್ಯವಸ್ಥೆ ಅಲ್ಲಿ ಇನ್ನೂ ಬಂದಿಲ್ಲ. ಅವ್ವ ಶ್ರಾವಣದ ನಾಲ್ಕನೆಯ ಸೋಮವಾರವೂ ಒಪ್ಪತ್ತು ಬಿಡಲಿಲ್ಲ. ಮಧ್ಯಾಹ್ನ ಸಾಬೂದಾಣಿ ಖಿಚಡಿ, ಎರಡು ಬಾಳೆಹಣ್ಣು ತಿಂದು, ಮೆಟ್‌ಫಾರ್ಮಿನ್ನನ್ನು ರಾತ್ರಿಯ ಊಟಕ್ಕೆ ಎತ್ತಿಟ್ಟು, ಸಂಜೆ ಗುಡಿಗೆ ಹೋಗಿ ಬಂದಳು. ಹೊಸ್ತಿಲ ಮೇಲೆ ಕೂರಿಸಿ ಶುಗರ್ ನೋಡಿದೆ, 118 ಇತ್ತು.